ಪಾಲಿಕೆಯ ಚುನಾವಣೆ ಮತ್ತು ತೆರಿಗೆದಾರನ ಹಕ್ಕು

ನಮ್ಮ ಸದಸ್ಯರಲ್ಲಿ ಅನೇಕರು ಖಾಸಗಿ ಕಂಪನಿಗಳ ನಿರ್ದೇಶಕರಾಗಿದ್ದಾರೆ. 2013ರ ಕಂಪನಿ ಕಾಯಿದೆಯ ಪ್ರಕಾರ ಏಕವ್ಯಕ್ತಿ ಕಂಪನಿಯನ್ನು ಬಿಟ್ಟು ಉಳಿದೆಲ್ಲ ಕಂಪನಿಗಳೂ ಪ್ರತಿವರ್ಷ ವಾರ್ಷಿಕ ಸಾಮಾನ್ಯ ಸಭೆಯನ್ನು ಕರೆಯಲೇಬೇಕು. ತಪ್ಪಿದಲ್ಲಿ ಕಂಪನಿಗೂ ಹೊಣೆಗಾರರಾದ ಅಧಿಕಾರಿಗಳಿಗೂ ಒಂದು ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಹಣ ಹೂಡಿದವರಿಗೆ ಲೆಕ್ಕ ಒಪ್ಪಿಸಬೇಕೆಂಬುದೇ ಈ ನಿಯಮದ ಆಶಯ.

ಇದೇ ಅಳತೆಗೋಲನ್ನು ನಮ್ಮ ನಗರಾಡಳಿತಕ್ಕೆ ಹಿಡಿದು ನೋಡೋಣ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯ ಪ್ರಕಾರ ನಗರಸಭೆ, ಪಾಲಿಕೆಗಳ ಅವಧಿ ಐದು ವರ್ಷ. ಅದು ಮುಗಿಯುವ ಮೊದಲೇ ಚುನಾವಣೆ ಪೂರ್ಣಗೊಳ್ಳಬೇಕು. 2006ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿತು. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಅವಧಿ ಮುಗಿದ ಬೆಂಗಳೂರು ಪಾಲಿಕೆಗೆ ಚುನಾವಣೆ ನಡೆದದ್ದು 2010ರ ಮಾರ್ಚ್‌ನಲ್ಲಿ. 2015ರಲ್ಲಿ ಆಯ್ಕೆಯಾದ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅನಂತರ ವಾರ್ಡುಗಳ ಸಂಖ್ಯೆ 198ರಿಂದ 243ಕ್ಕೆ ಏರಿ, 225ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯೇ ಐದಾಗಿ ವಿಭಜನೆಗೊಂಡಿತು. ಆ ಹೊತ್ತಿಗೂ ಚುನಾಯಿತ ಸದಸ್ಯನೊಬ್ಬನೂ ಇರಲಿಲ್ಲ. ರಾಜಧಾನಿಯದಷ್ಟೇ ಕತೆಯಲ್ಲ: 2019ರಲ್ಲಿ ಅವಧಿ ಮುಗಿದ ಹುಬ್ಬಳ್ಳಿ-ಧಾರವಾಡ ಪಾಲಿಕೆಗೆ ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ, ಮೇಯರ್ ಆಯ್ಕೆಯಾದದ್ದು 2022ರ ಮೇ ತಿಂಗಳಲ್ಲಿ. ಈ ಅವಧಿಗಳಲ್ಲಿ ಒಂದಕ್ಕಿಂತ ಹೆಚ್ಚು ಪಕ್ಷಗಳು ರಾಜ್ಯವನ್ನಾಳಿವೆ. ಆದುದರಿಂದ ಈ ಮಾತನ್ನು ಯಾವುದೇ ಒಂದು ಪಕ್ಷದ ಮೇಲಿನ ಟೀಕೆಯೆಂದು ಓದುಗರು ಭಾವಿಸಬಾರದು.

'ಕಾರ್ಪೊರೇಟರುಗಳಿಲ್ಲದಿದ್ದರೆ ಒಳ್ಳೆಯದೇ, ಕಾಟ ತಪ್ಪಿತು, ಅಧಿಕಾರಿಗಳು ಚುರುಕಾಗಿ ಕೆಲಸ ಮಾಡುತ್ತಾರೆ' ಎಂದು ನಮ್ಮ ವರ್ತಕ ಮಿತ್ರರಲ್ಲಿಯೇ ಕೆಲವರು ಹೇಳುವುದುಂಟು. ಅವರ ಬೇಸರಕ್ಕೆ ಕಾರಣಗಳಿಲ್ಲವೆಂದು ನಾನು ಹೇಳಲಾರೆ. ಆದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರುಂಟೆ? ಕೆಟ್ಟ ಸದಸ್ಯನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ಆಡಳಿತಾಧಿಕಾರಿಯನ್ನು ನೇಮಿಸುವುದೂ ವರ್ಗಾಯಿಸುವುದೂ ಸರ್ಕಾರ ಮಾತ್ರ.

ಲೆಕ್ಕಪರಿಶೋಧಕನಾಗಿ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ವಿಷಯ. ವೆಚ್ಚ ಮಾಡುವವನೇ ಆ ವೆಚ್ಚಕ್ಕೆ ಮಂಜೂರಾತಿ ನೀಡಬಾರದೆಂಬುದು ಆಂತರಿಕ ನಿಯಂತ್ರಣದ ಮೊದಲ ಪಾಠ. ಕೌನ್ಸಿಲ್ ಇದ್ದಾಗ ಆಯವ್ಯಯವು ತೆರಿಗೆ ಮತ್ತು ಹಣಕಾಸು ಸ್ಥಾಯಿ ಸಮಿತಿಯ ಮುಂದೆ ಬರುತ್ತದೆ, ಸಭೆಯಲ್ಲಿ ಚರ್ಚೆಯಾಗುತ್ತದೆ, ವಿರೋಧ ಪಕ್ಷದವರು ಪ್ರಶ್ನೆ ಕೇಳುತ್ತಾರೆ. ಕೌನ್ಸಿಲ್ ಇಲ್ಲದಿದ್ದಾಗ ಅಧಿಕಾರಿಗಳು ಸಿದ್ಧಪಡಿಸಿದ್ದನ್ನು ಅಧಿಕಾರಿಯೇ ಅನುಮೋದಿಸುತ್ತಾರೆ. ಬೆಂಗಳೂರಿನಲ್ಲಿ 2021-22ರಿಂದ 2025-26ರವರೆಗಿನ ಐದು ಆಯವ್ಯಯಗಳು ಹೀಗೆಯೇ ಅಂಗೀಕಾರವಾದವು. ಕೊನೆಯದರ ಗಾತ್ರ ಸುಮಾರು 19,900 ಕೋಟಿ ರೂಪಾಯಿ. ಅಧಿಕಾರಿಗಳು ಪ್ರಾಮಾಣಿಕರೇ ಇರಬಹುದು. ಆದರೆ ವ್ಯವಸ್ಥೆಯನ್ನು ವ್ಯಕ್ತಿಯ ಪ್ರಾಮಾಣಿಕತೆಯ ಮೇಲೆ ಕಟ್ಟಲಾಗದು.

ಇನ್ನು ದಿನನಿತ್ಯದ ಕಷ್ಟ. ಚಿಕ್ಕಪೇಟೆಯ ಅಂಗಡಿಯ ಮುಂದೆ ಚರಂಡಿ ಉಕ್ಕಿದರೆ, ಪೀಣ್ಯದ ಕಾರ್ಖಾನೆಗೆ ಲಾರಿ ಬರಲಾಗದಷ್ಟು ರಸ್ತೆ ಕೆಟ್ಟರೆ ಯಾರನ್ನು ಕೇಳಬೇಕು? ಶಾಸಕರನ್ನು ಕೇಳಿ ಎನ್ನುತ್ತಾರೆ. 2011ರ ಜನಗಣತಿಯಂತೆ ಪಾಲಿಕೆ ವ್ಯಾಪ್ತಿಯ ಜನಸಂಖ್ಯೆ ಸುಮಾರು 84 ಲಕ್ಷ. 198 ವಾರ್ಡುಗಳಿದ್ದಾಗ ಒಬ್ಬ ಸದಸ್ಯನ ಪಾಲಿಗೆ ಸುಮಾರು 42 ಸಾವಿರ ಜನ. ನಗರದ 28 ಶಾಸಕರಿಗೆ ಹಂಚಿದರೆ ತಲಾ ಮೂರು ಲಕ್ಷ. ಶಾಸನ ರಚಿಸಬೇಕಾದವರಿಗೆ ಚರಂಡಿಯ ಹೊಣೆಯನ್ನೂ ಹೊರಿಸಿದರೆ ಎರಡು ಕೆಲಸವೂ ಕೆಡುತ್ತವೆ.

ಜಿಎಸ್‌ಟಿ ಪಾವತಿ ತಡವಾದರೆ ನಾವು ಶೇ. 18ರ ಬಡ್ಡಿ ತೆರುತ್ತೇವೆ. ಸಂವಿಧಾನವೇ ವಿಧಿಸಿದ ಗಡುವನ್ನು ವರ್ಷಗಟ್ಟಲೆ ಮೀರಿದ ಸರ್ಕಾರಕ್ಕೆ ಯಾವ ದಂಡವೂ ಇಲ್ಲ. ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಮೂರು ಬೇಡಿಕೆಗಳನ್ನು ಒಕ್ಕೊರಲಿನಿಂದ ಮುಂದಿಡಬೇಕು. ಒಂದು, ಯಾವುದೇ ಪಾಲಿಕೆಯ ಅವಧಿ ಮುಗಿಯುವ ಆರು ತಿಂಗಳ ಮೊದಲೇ ವಾರ್ಡ್ ವಿಂಗಡಣೆ ಹಾಗೂ ಮೀಸಲಾತಿ ಪಟ್ಟಿ ಅಂತಿಮಗೊಳ್ಳಬೇಕು. ತಪ್ಪಿದಲ್ಲಿ ಹಳೆಯ ಪಟ್ಟಿಯಂತೆಯೇ ಚುನಾವಣೆ ನಡೆಯಬೇಕು. ಎರಡು, ಆಡಳಿತಾಧಿಕಾರಿಯ ಅವಧಿ ಆರು ತಿಂಗಳು ಮೀರದಂತೆ ಕಾಯಿದೆಯಲ್ಲಿಯೇ ನಿಬಂಧನೆ ಇರಬೇಕು. ಮೂರು, ವಾರ್ಡುವಾರು ತೆರಿಗೆ ಸಂಗ್ರಹ ಮತ್ತು ವೆಚ್ಚದ ಲೆಕ್ಕವನ್ನು ಪ್ರತಿ ತ್ರೈಮಾಸಿಕದಲ್ಲಿ ಪ್ರಕಟಿಸಬೇಕು.

ನಮ್ಮ ಕರ್ತವ್ಯವೂ ಒಂದಿದೆ. 2010ರಲ್ಲಿಯೂ 2015ರಲ್ಲಿಯೂ ಬೆಂಗಳೂರಿನ ಅರ್ಧದಷ್ಟು ಮತದಾರರೂ ಮತಗಟ್ಟೆಗೆ ಬರಲಿಲ್ಲ. ಜನರೇ ಕೇಳದ ಚುನಾವಣೆಯನ್ನು ಮುಂದೂಡಲು ಯಾವ ಸರ್ಕಾರವೂ ಅಂಜುವುದಿಲ್ಲ. ಪಾಲಿಕೆಯ ಚುನಾವಣೆ ಬಂದಾಗ ಸದಸ್ಯ ಬಾಂಧವರು ತಾವೂ ಮತ ಚಲಾಯಿಸಿ, ತಮ್ಮ ಅಂಗಡಿ, ಕಾರ್ಖಾನೆಗಳ ನೌಕರರಿಗೂ ಅಂದು ವೇತನಸಹಿತ ರಜೆ ನೀಡಿ ಮತಗಟ್ಟೆಗೆ ಕಳುಹಿಸಬೇಕೆಂಬುದು ನನ್ನ ವಿನಂತಿ.