ಕೊನೆಯ ಪುಟದಲ್ಲೂ ಅವರು ಬದುಕಿರಲಿ

ಮೂವತ್ತು ದಾಟಿದ ಮೇಲೂ ಹೈಸ್ಕೂಲ್ ಮಕ್ಕಳ ಲವ್ ಸ್ಟೋರಿ ಓದ್ತೀಯಲ್ಲೇ ಅಂತ ಆಫೀಸಿನ ಗೆಳತಿಯರು ನನ್ನನ್ನು ರೇಗಿಸುತ್ತಿರುತ್ತಾರೆ. ಹೌದು, ಓದ್ತೀನಿ. ಮೆಟ್ರೋದಲ್ಲಿ ಕಂಬ ಹಿಡಿದು ನಿಂತು, ಒಂದೇ ಕೈಯಲ್ಲಿ ಫೋನ್ ಹಿಡಿದು ಓದ್ತೀನಿ. ಇಂಗ್ಲಿಷಿನಲ್ಲಿ 'ಯಂಗ್ ಅಡಲ್ಟ್' ಅಂತ ಕರೆಯುವ, ಸುಮಾರು 12ರಿಂದ 18 ವರ್ಷದವರಿಗಾಗಿ ಬರೆದ ಕಾದಂಬರಿಗಳೆಂದರೆ ನನಗೆ ಇಷ್ಟ. ಅದರಲ್ಲೂ ಹುಡುಗನಿಗೆ ಹುಡುಗನ ಮೇಲೆ, ಹುಡುಗಿಗೆ ಹುಡುಗಿಯ ಮೇಲೆ ಮನಸ್ಸಾಗುವ ಕ್ವಿಯರ್ ಕತೆಗಳನ್ನು ಹುಡುಕಿಕೊಂಡು ಓದುತ್ತೇನೆ. ಇವು ಹಗುರವಾದ ಕತೆಗಳು, ಎಲ್ಲ ಸುಖಾಂತ್ಯವೇ, ಸಾಹಿತ್ಯ ಅನ್ನಿಸಿಕೊಳ್ಳೋ ಸರಕಲ್ಲ ಅನ್ನೋದು ಇವುಗಳ ಮೇಲಿರುವ ಮುಖ್ಯ ಆರೋಪ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ಉಲ್ಟಾ. ಆ ಸುಖಾಂತ್ಯ ಅಷ್ಟು ಸುಲಭವಾಗಿ ಸಿಕ್ಕಿದ್ದಲ್ಲ.

ಆ ನಾಯಿ ಯಾಕೆ ಸಾಯಬೇಕಿತ್ತು?

ಅಮೆರಿಕದ ಜಾನ್ ಡೊನೊವನ್ 1969ರಲ್ಲಿ 'ಐ ವಿಲ್ ಗೆಟ್ ದೇರ್. ಇಟ್ ಬೆಟರ್ ಬಿ ವರ್ತ್ ದಿ ಟ್ರಿಪ್' ಅನ್ನೋ ಕಾದಂಬರಿ ಬರೆದರು. ಇಬ್ಬರು ಹುಡುಗರ ನಡುವಿನ ಒಲವನ್ನು ಹದಿಹರೆಯದ ಓದುಗರ ಮುಂದಿಟ್ಟ ಮೊದಲ ಪುಸ್ತಕ ಇದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. 13 ವರ್ಷದ ಡೇವಿಗೆ ಗೆಳೆಯನ ಮೇಲೆ ಒಲವು ಮೂಡುತ್ತದೆ. ಅದಾದ ಮೇಲೆ ಅವನ ಪ್ರೀತಿಯ ನಾಯಿ ಕಾರಿಗೆ ಸಿಕ್ಕಿ ಸಾಯುತ್ತದೆ. ತಾನು ಮಾಡಿದ್ದಕ್ಕೆ ಸಿಕ್ಕ ಶಿಕ್ಷೆ ಇದು ಅಂತ ಹುಡುಗ ನಂಬಿಬಿಡುತ್ತಾನೆ. ಬರೆದವರಿಗೆ ಅವನ ಮೇಲೆ ಸಿಟ್ಟೇನೂ ಇರಲಿಲ್ಲ, ಕರುಣೆಯೇ ಇತ್ತು. ಆದರೂ ನಾಯಿ ಸತ್ತಿತು. ಆಮೇಲೆ ಬಂದ ಎಷ್ಟೋ ಪುಸ್ತಕಗಳಲ್ಲೂ ಹೀಗೇ ಆಯಿತು. ಯಾರೋ ಒಬ್ಬರು ಸಾಯಬೇಕು, ಇಲ್ಲವೇ ಊರು ಬಿಡಬೇಕು, ಇಲ್ಲವೇ 'ಸರಿ ಹೋಗಬೇಕು'.

1982ರಲ್ಲಿ ನ್ಯಾನ್ಸಿ ಗಾರ್ಡನ್ ಅವರ 'ಆ್ಯನಿ ಆನ್ ಮೈ ಮೈಂಡ್' ಬಂತು. ನ್ಯೂಯಾರ್ಕಿನ ಇಬ್ಬರು ಹುಡುಗಿಯರು ಮ್ಯೂಸಿಯಂ ಒಂದರಲ್ಲಿ ಭೇಟಿಯಾಗುತ್ತಾರೆ, ಪ್ರೀತಿಸುತ್ತಾರೆ, ಸಿಕ್ಕಿಬೀಳುತ್ತಾರೆ, ದೂರವಾಗುತ್ತಾರೆ. ಕೊನೆಯಲ್ಲಿ ಒಂದು ಫೋನ್ ಕರೆಯಿಂದ ಮತ್ತೆ ಹತ್ತಿರವಾಗುತ್ತಾರೆ. ಇಷ್ಟೇ ಕತೆ. ಯಾರೂ ಸಾಯುವುದಿಲ್ಲ. 1993ರಲ್ಲಿ ಕೆನ್ಸಸ್ ಸಿಟಿಯಲ್ಲಿ ಇದರ ಪ್ರತಿಯನ್ನು ಬಹಿರಂಗವಾಗಿ ಸುಟ್ಟರು. ಕೆನ್ಸಸ್ ರಾಜ್ಯದ ಒಲೇಥಾ ಊರಿನ ಶಾಲಾ ಆಡಳಿತ ಅದನ್ನು ಲೈಬ್ರರಿಯಿಂದಲೇ ತೆಗೆಸಿತು. ವಿದ್ಯಾರ್ಥಿಗಳು ಮತ್ತು ಪೋಷಕರು ಸೇರಿ ಕೋರ್ಟಿಗೆ ಹೋದರು. ಪುಸ್ತಕವನ್ನು ವಾಪಸ್ ಶೆಲ್ಫಿನಲ್ಲಿಡಿ ಅಂತ 1995ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪು ಕೊಟ್ಟರು.

ಆಮೇಲೆ ದಾರಿ ಸ್ವಲ್ಪ ತೆರೆಯಿತು. 2003ರಲ್ಲಿ ಡೇವಿಡ್ ಲೆವಿಥನ್ 'ಬಾಯ್ ಮೀಟ್ಸ್ ಬಾಯ್' ಬರೆದಾಗ ಇಂಥದ್ದಕ್ಕೆಲ್ಲ ಯಾರೂ ತಲೆಕೆಡಿಸಿಕೊಳ್ಳದ ಒಂದು ಊರನ್ನೇ ಕಲ್ಪಿಸಿಕೊಂಡರು. ಅಂಥ ಊರು ಎಲ್ಲಿದೆ ಸ್ವಾಮಿ ಅಂತ ಕೇಳಿದವರಿದ್ದಾರೆ. ಎಲ್ಲೂ ಇಲ್ಲ, ನಿಜ. ಆದರೆ ಇಲ್ಲದ ಊರನ್ನು ಮೊದಲು ಕತೆಯಲ್ಲೇ ಕಟ್ಟಬೇಕಲ್ವಾ?

ಸುಖಾಂತ್ಯ ಅಂದ್ರೆ ನೋವಿಲ್ಲ ಅಂತಲ್ಲ

ಇವತ್ತಿನ ಹುಡುಗರಿಗೆಲ್ಲ ಗೊತ್ತಿರುವ ಹೆಸರು 'ಹಾರ್ಟ್‌ಸ್ಟಾಪರ್'. ಇಂಗ್ಲೆಂಡಿನ ಆಲಿಸ್ ಓಸ್‌ಮನ್ 2016ರಲ್ಲಿ ಇದನ್ನು ಇಂಟರ್‌ನೆಟ್ಟಿನಲ್ಲಿ ಉಚಿತ ಚಿತ್ರಕತೆಯಾಗಿ ಶುರು ಮಾಡಿದರು. 2018ರಲ್ಲಿ ಓದುಗರಿಂದಲೇ ಹಣ ಕೂಡಿಸಿ ಪುಸ್ತಕ ಮಾಡಿದರು. ದೊಡ್ಡ ಪ್ರಕಾಶಕರು ಕೈಗೆತ್ತಿಕೊಂಡಿದ್ದು ಆಮೇಲೆ. 2022ರಲ್ಲಿ ನೆಟ್‌ಫ್ಲಿಕ್ಸ್ ಸರಣಿಯೂ ಆಯಿತು. ಚಾರ್ಲಿ, ನಿಕ್ ಅನ್ನೋ ಇಬ್ಬರು ಶಾಲಾ ಹುಡುಗರ ಕತೆ. ಮೊದಲ ಭಾಗ ಓದಿದರೆ ಎಲ್ಲ ಸಕ್ಕರೆ ಪಾಕ ಅನ್ನಿಸುತ್ತದೆ. ಮುಂದುವರಿಸಿ. ಚಾರ್ಲಿ ಸರಿಯಾಗಿ ಊಟ ಮಾಡುವುದಿಲ್ಲ, ಒಳಗೊಳಗೇ ಕುಸಿಯುತ್ತಿರುತ್ತಾನೆ. ತಾನೆಷ್ಟೇ ಪ್ರೀತಿಸಿದರೂ ಅವನನ್ನು ತಾನೊಬ್ಬನೇ ಗುಣಪಡಿಸಲಾರೆ, ದೊಡ್ಡವರ ಮತ್ತು ಡಾಕ್ಟರ ಸಹಾಯ ಬೇಕು ಅಂತ ನಿಕ್‌ಗೆ ನಾಲ್ಕನೇ ಭಾಗದಲ್ಲಿ ಅರ್ಥವಾಗುತ್ತದೆ. ಪ್ರೀತಿ ಇದ್ದರೆ ಎಲ್ಲ ಸರಿಹೋಗುತ್ತೆ ಅನ್ನುವ ನಮ್ಮ ಎಷ್ಟೋ ಸಿನಿಮಾಗಳಿಗಿಂತ ಇದು ಪ್ರಬುದ್ಧ.

ನನಗೆ ಇನ್ನೂ ಹೆಚ್ಚು ಇಷ್ಟವಾದ ಪುಸ್ತಕ ಬೆಂಜಮಿನ್ ಅಲೀರೆ ಸಾಯೆನ್ಸ್ ಅವರ 'ಅರಿಸ್ಟಾಟಲ್ ಆ್ಯಂಡ್ ಡಾಂಟೆ ಡಿಸ್ಕವರ್ ದಿ ಸೀಕ್ರೆಟ್ಸ್ ಆಫ್ ದಿ ಯೂನಿವರ್ಸ್' (2012). ಟೆಕ್ಸಾಸಿನ ಎಲ್ ಪಾಸೊ ಊರು, 1987ರ ಬೇಸಿಗೆ, ಮೆಕ್ಸಿಕನ್ ಮೂಲದ ಇಬ್ಬರು ಹುಡುಗರು. ಹದಿಹರೆಯದವರ ಎಷ್ಟೋ ಕಾದಂಬರಿಗಳಲ್ಲಿ ಅಪ್ಪ ಅಮ್ಮ ಅಂದರೆ ಬಾಗಿಲು ತಟ್ಟಿ ಬೈಯುವವರು, ಅಷ್ಟೇ. ಇಲ್ಲಿ ಹಾಗಲ್ಲ. ಡಾಂಟೆಯ ಮೇಲೆ ತನಗಿರುವುದು ಪ್ರೀತಿ ಅಂತ ಅರಿಗೆ ತಾನಾಗಿ ಒಪ್ಪಿಕೊಳ್ಳಲು ಆಗುತ್ತಿರುವುದಿಲ್ಲ. ಕೊನೆಗೆ ಅವನ ಅಪ್ಪ ಅಮ್ಮನೇ ಅವನನ್ನು ಕೂರಿಸಿಕೊಂಡು ಆ ಮಾತನ್ನು ಹೇಳುತ್ತಾರೆ. ಆ ಭಾಗವನ್ನು ನಾನು ಮೂರು ಸಲ ಓದಿದ್ದೇನೆ.

ಅದೀಬಾ ಜೈಗಿರ್ದಾರ್ ಅವರ 'ದಿ ಹೆನ್ನಾ ವಾರ್ಸ್' (2020) ನಮ್ಮ ಮನೆಗಳಿಗೆ ಇನ್ನೂ ಹತ್ತಿರ. ಡಬ್ಲಿನ್‌ನಲ್ಲಿ ಬೆಳೆದ ಬಾಂಗ್ಲಾ ಹುಡುಗಿ ನಿಶಾತ್ ತನ್ನ ಮನಸ್ಸಿನ ವಿಷಯವನ್ನು ಅಪ್ಪ ಅಮ್ಮನಿಗೆ ಹೇಳುತ್ತಾಳೆ. ಅವರು ಹೊಡೆಯುವುದಿಲ್ಲ, ಹೊರಗೆ ಹಾಕುವುದಿಲ್ಲ. ಆ ವಿಷಯ ಬಂದಾಗ ಸುಮ್ಮನಾಗಿಬಿಡುತ್ತಾರೆ. ಆ ಮೌನ ನಮಗೆಲ್ಲ ಗೊತ್ತಿರುವ ಮೌನವೇ. ಜನ ಏನಂತಾರೋ ಅನ್ನುವ ಹೆದರಿಕೆ ಹುಟ್ಟಿಸುವ ಮೌನ ಅದು.

ಇಷ್ಟವಾಗದ್ದೂ ಇದೆ

ಹಾಗಂತ ಎಲ್ಲವನ್ನೂ ಹೊಗಳುತ್ತಿಲ್ಲ. 'ನಾನು ಹೀಗೆ' ಅಂತ ಮನೆಯವರಿಗೆ ಹೇಳುವುದೊಂದೇ ಕತೆಯ ಶಿಖರ ಅನ್ನುವ ಪುಸ್ತಕಗಳು ಸಾಕುಸಾಕಾಗಿವೆ. ಹೇಳಿದ ಮರುದಿನ ಬೆಳಿಗ್ಗೆ ಏನಾಯಿತು? ತಿಂಡಿಗೆ ಕೂತಾಗ ಯಾರು ಯಾರ ಮುಖ ನೋಡಿದರು? ನನಗೆ ಬೇಕಾದದ್ದು ಅದು.

ಇನ್ನೊಂದು ತಕರಾರು ನನ್ನಂಥ ಓದುಗರ ಬಗ್ಗೆಯೇ. ಬರೆದವರು ನಿಜವಾಗಿಯೂ 'ಅವರೇನಾ' ಅಂತ ಸರ್ಟಿಫಿಕೇಟ್ ಕೇಳುವ ಚಟ ಶುರುವಾಗಿದೆ. 'ಸೈಮನ್ ವರ್ಸಸ್ ದಿ ಹೋಮೋ ಸೇಪಿಯನ್ಸ್ ಅಜೆಂಡಾ' (2015) ಬರೆದ ಬೆಕಿ ಆಲ್ಬರ್ಟಾಲಿ ಅವರನ್ನು ಹೀಗೇ ವರ್ಷಗಟ್ಟಲೆ ಕೆಣಕಿದರು. ಕೊನೆಗೆ 2020ರಲ್ಲಿ ತಾನು ಬೈಸೆಕ್ಷುಯಲ್ ಅಂತ ಅವರು ಬರೆದುಕೊಳ್ಳಬೇಕಾಯಿತು. 'ಹಾರ್ಟ್‌ಸ್ಟಾಪರ್' ಸರಣಿಯ ನಟ ಕಿಟ್ ಕಾನರ್‌ಗೂ 2022ರಲ್ಲಿ ಅದೇ ಗತಿ, ಅದೂ 18ರ ವಯಸ್ಸಿನಲ್ಲಿ. ಯಾರನ್ನೂ ಒತ್ತಾಯದಿಂದ ಬಯಲಿಗೆ ಎಳೆಯಬೇಡಿ ಅಂತ ಹೇಳುವ ಕತೆಯನ್ನು ಓದಿ ಕಣ್ಣೀರು ಹಾಕಿ, ಆಮೇಲೆ ಅದನ್ನೇ ಮಾಡಿದರೆ ಏನು ಓದಿದ ಹಾಗಾಯ್ತು?

ಇನ್ನು 'ಇಂಥದ್ದನ್ನೆಲ್ಲ ಓದಿ ಮಕ್ಕಳು ಹಾಗೇ ಆಗಿಬಿಡ್ತಾರೆ' ಅನ್ನುವ ಮಾತು. ಓದಿದ್ದೇ ಆಗೋದಾಗಿದ್ದರೆ, ನಾನು ಹೈಸ್ಕೂಲಿನಲ್ಲಿ ಮುಗಿಸಿದ ಪತ್ತೇದಾರಿ ಕಾದಂಬರಿಗಳ ಲೆಕ್ಕದಲ್ಲಿ ಇಷ್ಟು ಹೊತ್ತಿಗೆ ಜೈಲಿನಲ್ಲಿರಬೇಕಿತ್ತು! ಹುಡುಗ ಹುಡುಗಿಯ ಪ್ರೇಮಕತೆಗಳನ್ನಷ್ಟೇ ಓದಿ, ನೋಡಿ ಬೆಳೆದ ಎಷ್ಟೋ ಮಕ್ಕಳು ತಾವು ಏನಾಗಿದ್ದರೋ ಅದೇ ಆಗಿ ಉಳಿದರಲ್ಲ.

ನಮ್ಮಲ್ಲಿ ಏನಿದೆ?

ಭಾರತದಲ್ಲಿ ಇಂಗ್ಲಿಷಿನಲ್ಲಿ ಬರೆಯುವವರು ಈ ಕೆಲಸ ಶುರು ಮಾಡಿ ಹತ್ತು ವರ್ಷದ ಮೇಲಾಯಿತು. 2014ರಲ್ಲಿ ಪಾಯಲ್ ಧರ್ ಅವರ 'ಸ್ಲೈಟ್ಲಿ ಬರ್ನ್ಟ್' ಬಂತು. ಆಪ್ತ ಗೆಳೆಯ ಸಾಹಿಲ್ ತಾನು ಗೇ ಅಂತ ಹೇಳಿದಾಗ ಕೋಮಲ್ ಅನ್ನೋ ಹುಡುಗಿಗೆ ಆಗುವ ಗೊಂದಲದ ಕತೆ ಅದು. ಅದೇ ಹೊತ್ತಿಗೆ ಬಂದ ಹಿಮಾಂಜಲಿ ಶಂಕರ್ ಅವರ 'ಟಾಕಿಂಗ್ ಆಫ್ ಮುಸ್ಕಾನ್' ಆತ್ಮಹತ್ಯೆಗೆ ಯತ್ನಿಸಿ ಆಸ್ಪತ್ರೆ ಸೇರಿದ ಹುಡುಗಿಯಿಂದ ಶುರುವಾಗುತ್ತದೆ. ಅವಳ ಕತೆಯನ್ನು ಮೂವರು ಸಹಪಾಠಿಗಳು ಹೇಳುತ್ತಾರೆ, ಮುಸ್ಕಾನ್‌ಗೆ ಮಾತ್ರ ಮಾತಿಲ್ಲ. ಎಲ್ಲರೂ ಅವಳ ಬಗ್ಗೆ ಮಾತಾಡುತ್ತಾರೆ, ಅವಳ ಹತ್ತಿರ ಯಾರೂ ಮಾತಾಡುವುದಿಲ್ಲ. ನಮ್ಮ ಶಾಲೆಗಳು ಇರುವುದೇ ಹೀಗಲ್ಲವೇ?

ಕನ್ನಡದಲ್ಲಿ? ವಸುಧೇಂದ್ರ ಅವರ 'ಮೋಹನಸ್ವಾಮಿ' 2013ರಲ್ಲೇ ಬಂತು. ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ಸುಪ್ರೀಂ ಕೋರ್ಟ್ ತೆಗೆದುಹಾಕಿದ್ದು 2018ರ ಸೆಪ್ಟೆಂಬರ್ 6ರಂದು. ಅದಕ್ಕೂ ಐದು ವರ್ಷ ಮೊದಲು ಇಷ್ಟು ನೇರವಾಗಿ ಬರೆಯಲು ಎಂಥ ಧೈರ್ಯ ಬೇಕು ಅಂತ ಊಹಿಸಿಕೊಳ್ಳಿ. ಸೈಕಲ್ ಹೊಡೆಯಲು ಬಾರದ ಹುಡುಗನ ಕತೆಯನ್ನು ಅದರಲ್ಲಿ ಓದಿ ನಾನು ತುಂಬ ಹೊತ್ತು ಸುಮ್ಮನೆ ಕೂತಿದ್ದೆ. ಆದರೆ ಅದು ದೊಡ್ಡವರ ಪುಸ್ತಕ. ಬರೆದವರು ದೊಡ್ಡವರಿಗಾಗಿಯೇ ಬರೆದಿದ್ದಾರೆ.

ಅಸಲಿಗೆ ಹದಿಹರೆಯದವರಿಗೆ ಅಂತ ಬೇರೆ ಶೆಲ್ಫೇ ಕನ್ನಡದಲ್ಲಿ ಗಟ್ಟಿಯಾಗಿ ನಿಂತಿಲ್ಲ. ಒಂದು ಕಡೆ ರಾಜರತ್ನಂ ಅವರ ಶಿಶುಗೀತೆಗಳಿಂದ ಹಿಡಿದು ಮಕ್ಕಳ ಕತೆಗಳು. ಅಲ್ಲಿಂದ ಒಂದೇ ಜಿಗಿತಕ್ಕೆ ತೇಜಸ್ವಿ, ತ್ರಿವೇಣಿ, ಭೈರಪ್ಪ. ನಾವೆಲ್ಲ ಹಾಗೆ ಜಿಗಿದೇ ಬಂದವರು, ಅದರಿಂದ ನಷ್ಟವೇನೂ ಆಗಲಿಲ್ಲ ಅಂತ ನೀವು ಹೇಳಬಹುದು. ಬಹುಶಃ ನಿಮಗೆ, ನನಗೆ ಆಗಲಿಲ್ಲ.

ಅವಳು ಕೇಳಿದ ಪ್ರಶ್ನೆ

ನಮ್ಮ ಸಂಬಂಧದಲ್ಲೇ ಒಬ್ಬಳು ಹುಡುಗಿ, ಪಿಯುಸಿ ಓದ್ತಿದ್ದಾಳೆ. (ಅವಳನ್ನು ಕೇಳಿಯೇ ಇದನ್ನು ಬರೀತಿದ್ದೀನಿ. ಗುರುತು ಸಿಗದ ಹಾಗೆ ಊರು, ಸಂಬಂಧ ಬದಲಿಸಿದ್ದೇನೆ.) ಮೇಲೆ ಹೇಳಿದ ಪುಸ್ತಕಗಳಲ್ಲಿ ಅರ್ಧದಷ್ಟು ಅವಳೇ ನನಗೆ ಹೇಳಿದ್ದು. ಹೋದ ಸಲ ಊರಿಗೆ ಹೋದಾಗ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಾ ಕೇಳಿದಳು, "ಅಕ್ಕ, ಇಂಥ ಪುಸ್ತಕ ಕನ್ನಡದಲ್ಲಿ ಯಾವ್ದಾದ್ರೂ ಇದ್ಯಾ?"

"ನಿಂಗೆ ಇಂಗ್ಲಿಷೇ ಸಲೀಸಲ್ವೇನೇ?" ಅಂದೆ.

"ನಂಗಲ್ಲ ಅಕ್ಕ. ಅಮ್ಮಂಗೆ."

ಯಾಕೆ ಅಂತ ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಅವಳ ಅಮ್ಮ ಅಂದರೆ ನನ್ನ ಚಿಕ್ಕಮ್ಮ. ವಾರಪತ್ರಿಕೆ ಮನೆಗೆ ಬಂದ ತಕ್ಷಣ ಮೊದಲು ಧಾರಾವಾಹಿಯ ಪುಟ ತೆಗೆಯುವವರು. ಕಾದಂಬರಿಯ ನಾಯಕಿಗೆ ಕಷ್ಟ ಬಂದರೆ ಇಡೀ ವಾರ ಬೇಜಾರು ಮಾಡಿಕೊಳ್ಳುವವರು. ಆ ಮನೆಯ ಮಗಳು ನಾಳೆ ಏನಾದರೂ ಒಂದು ಮಾತು ಹೇಳಿದರೆ, ಅದನ್ನು ಕೇಳಿಸಿಕೊಳ್ಳುವುದಕ್ಕೆ ಚಿಕ್ಕಮ್ಮನ ಹತ್ತಿರ ಏನಿದೆ? ಟಿವಿಯ ಕಾಮಿಡಿ ಶೋಗಳಲ್ಲಿ ಸೀರೆ ಉಟ್ಟು ಕುಣಿಯುವ ಗಂಡಸರು. ಬೀದಿಯ ಬೈಗುಳದ ನಾಲ್ಕು ಪದ. ಪೇಪರಿನಲ್ಲಿ ಬರುವ ಆತ್ಮಹತ್ಯೆಯ ಸುದ್ದಿ. ಪಾಪ, ಇಷ್ಟನ್ನೇ ಇಟ್ಟುಕೊಂಡು ಆಕೆ ಮಗಳ ಬದುಕನ್ನು ಊಹಿಸಿಕೊಳ್ಳಬೇಕು. ಹೆದರದೆ ಇನ್ನೇನು ಮಾಡ್ತಾರೆ?

'ಮೋಹನಸ್ವಾಮಿ' ಕೊಡೋಣವಾ ಅಂತ ಯೋಚಿಸಿದೆ. ಅದರಲ್ಲಿರುವ 'ತಗಣಿ' ಕತೆ ನೆನಪಾಗಿ ಕೈ ಹಿಂದೆ ಬಂತು. ಹಾಗೆ ಹುಟ್ಟಿದವನನ್ನು ಮನೆಯವರೇ ಬದುಕಗೊಡದ ಕತೆ ಅದು. ನಿಜವನ್ನೇ ಹೇಳುತ್ತದೆ, ಹೇಳಲೇಬೇಕಿತ್ತು. ಆದರೆ ಈಗಾಗಲೇ ಹೆದರಿರುವ ತಾಯಿಗೆ ಅದೇ ಮೊದಲ ಕತೆಯಾಗಬಾರದು. ಇದು ಆ ಪುಸ್ತಕದ ತಪ್ಪಲ್ಲ. ಒಂದೇ ಪುಸ್ತಕದ ತಲೆ ಮೇಲೆ ಇಡೀ ಭಾಷೆಯ ಹೊರೆ ಹೊರಿಸಿ ಕೂತಿರುವ ನಮ್ಮ ತಪ್ಪು.

ಇಂಗ್ಲಿಷಿನಲ್ಲಿ ಇಷ್ಟೆಲ್ಲ ಇರುವಾಗ ಕನ್ನಡದಲ್ಲೂ ಯಾಕೆ ಬೇಕು ಅನ್ನುವವರಿಗೆ ನನ್ನ ಉತ್ತರ ಇಷ್ಟೇ. ಮಕ್ಕಳು ಹೇಗೋ ಹುಡುಕಿಕೊಂಡು ಓದ್ತಾರೆ, ಫೋನಿದೆ, ಇಂಗ್ಲಿಷ್ ಬರುತ್ತೆ. ಕನ್ನಡದಲ್ಲಿ ಬೇಕಾಗಿರುವುದು ಆ ಮಕ್ಕಳ ಅಮ್ಮಂದಿರಿಗೆ, ಅಪ್ಪಂದಿರಿಗೆ, ಅಜ್ಜಿಯರಿಗೆ. ಮಗಳು ರಾತ್ರಿ ಹೊದಿಕೆಯೊಳಗೆ ಫೋನ್ ಹಿಡಿದು ಓದಿದ ಕತೆಯನ್ನೇ ಅಮ್ಮ ಮಧ್ಯಾಹ್ನ ಊಟ ಮುಗಿಸಿ ಜಗಲಿ ಮೇಲೆ ಕೂತು ಓದುವಂತಾಗಬೇಕು.

ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಭಾಷಣ ಬೇಡ, ಕಾನೂನಿನ ಪಾಠವೂ ಬೇಡ. ಒಂದು ಧಾರಾವಾಹಿ ಸಾಕು. ಹಾಸನವೋ ಹಾವೇರಿಯೋ, ಒಂದು ಪಿಯು ಕಾಲೇಜು, ಬಸ್ ಪಾಸು, ಟ್ಯೂಷನ್ನು, ಸಿಇಟಿ ರಿಸಲ್ಟಿನ ಟೆನ್ಷನ್ನು. ಅದರ ಮಧ್ಯೆ ಒಬ್ಬಳು ಹುಡುಗಿಗೆ ಇನ್ನೊಬ್ಬಳನ್ನು ಕಂಡರೆ ಎದೆ ಡವಡವ. ಜಗಳ ಬರಲಿ, ಅಳು ಬರಲಿ, ಅಮ್ಮ ನಾಲ್ಕು ವಾರ ಮಾತು ಬಿಡಲಿ. ಐದನೇ ವಾರ ತಟ್ಟೆಗೆ ಅನ್ನ ಬಡಿಸುತ್ತಾ ಆ ಅಮ್ಮ ಏನಾದರೂ ಒಂದು ಕೇಳಲಿ. ದಯವಿಟ್ಟು ನಾಯಿಯನ್ನೂ ಸಾಯಿಸಬೇಡಿ, ಹುಡುಗಿಯನ್ನೂ ಸಾಯಿಸಬೇಡಿ.

ಚಿಕ್ಕಮ್ಮ ಓದ್ತಾರೆ. ಧಾರಾವಾಹಿ ಅಂದ್ರೆ ಅವರು ಒಂದು ವಾರವೂ ತಪ್ಪಿಸುವುದಿಲ್ಲ.