ಕಂಬಳಿ ಹೊದ್ದು ಬಂದ ಕಂಪ್ಯೂಟರ್

1998ರ ಮಾತು. ಕ್ಯಾಲಿಫೋರ್ನಿಯಾದ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರದ ಕೆಲಸ ಭರದಿಂದ ಸಾಗಿದ್ದಿತು. ತಂತ್ರಜ್ಞ ಓರೆನ್ ಜೇಕಬ್ ಮತ್ತು ಅವರ ಸಂಗಡಿಗರು ಪರದೆಯನ್ನು ನೋಡುತ್ತಿದ್ದಂತೆಯೇ ಕಥಾನಾಯಕ ವುಡಿಯ ಟೋಪಿಯ ಕಡತಗಳು ಕಣ್ಮರೆಯಾದುವು. ಹಿಂದೆಯೇ ಬೂಟುಗಳೂ ಹೋದುವು. ಕೊನೆಗೆ ವುಡಿಯೇ ಇಲ್ಲ! ಯಾರೋ ಒಬ್ಬರು ಅಳಿಸುವ ಆಜ್ಞೆಯನ್ನು ತಪ್ಪು ಜಾಗದಲ್ಲಿ ಕೊಟ್ಟುಬಿಟ್ಟಿದ್ದರು. ಯಂತ್ರವನ್ನು ನಿಲ್ಲಿಸಿರೆಂದು ದೂರವಾಣಿಯಲ್ಲಿ ತಿಳಿಸುವಷ್ಟರಲ್ಲಿ ಚಿತ್ರದ ನೂರಕ್ಕೆ 90ರಷ್ಟು ಪಾಲು ಅಳಿಸಿಹೋಗಿದ್ದಿತು.

ಪ್ರತಿಗಳಿವೆಯೆಂಬ ಧೈರ್ಯವಿದ್ದಿತು. ಅವನ್ನು ತೆಗೆದು ನೋಡಿದಾಗ ನಿಜಸ್ಥಿತಿ ಹೊರಬಿದ್ದಿತು. ಪ್ರತಿ ತೆಗೆಯುವ ವ್ಯವಸ್ಥೆಯೇ ಸುಮಾರು ಒಂದು ತಿಂಗಳಿನಿಂದ ಕೆಟ್ಟಿದ್ದಿತು, ಯಾರೂ ಗಮನಿಸಿರಲಿಲ್ಲ. ಆಗ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸಸ್ಮನ್ ಅವರಿಗೆ ಒಂದು ಸಂಗತಿ ನೆನಪಾಯಿತು. ಮಗು ಹುಟ್ಟಿದ ಬಳಿಕ ಮನೆಯಿಂದಲೇ ಕೆಲಸ ಮಾಡಲೆಂದು ಆಕೆ ಕಡತಗಳ ಪ್ರತಿಯೊಂದನ್ನು ಮನೆಯ ಕಂಪ್ಯೂಟರಿಗೆ ತರಿಸಿಕೊಳ್ಳುತ್ತಿದ್ದರು. ಆ ಕಂಪ್ಯೂಟರನ್ನು ಕಂಬಳಿಗಳಲ್ಲಿ ಸುತ್ತಿ, ಕಾರಿನ ಹಿಂದಿನ ಆಸನದಲ್ಲಿ ಕೂಸನ್ನು ತರುವಂತೆ ಜೋಪಾನವಾಗಿ ತಂದರು. ಮುಂದೆ ಕಥೆಯೇ ಹಿಡಿಸಲಿಲ್ಲವೆಂದು ಚಿತ್ರದ ಬಹುಭಾಗವನ್ನು ಹೊಸದಾಗಿ ಮಾಡಿ 1999ರ ನವೆಂಬರಿನಲ್ಲಿ ಬಿಡುಗಡೆ ಮಾಡಲಾಯಿತು. ಅದು ಬೇರೆಯ ಮಾತು.

ಅಷ್ಟು ದೊಡ್ಡ ಸಂಸ್ಥೆಯ ಗತಿಯೇ ಹೀಗಾದರೆ, ಮಗನ ಉಪನಯನದ ಚಿತ್ರ, ಅಜ್ಜಿಯ ಧ್ವನಿ, ಮನೆಯ ಪತ್ರಗಳ ನಕಲು ಇವೆಲ್ಲವನ್ನೂ ಒಂದೇ ಲ್ಯಾಪ್‌ಟಾಪಿನಲ್ಲಿಟ್ಟು ನಿಶ್ಚಿಂತರಾಗಿರುವ ಸಂಸಾರಗಳ ಪಾಡೇನು? ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಚಿತ್ರಗ್ರಾಹಕರು ಪ್ರಚಾರಕ್ಕೆ ತಂದ ಸೂತ್ರವೊಂದಿದೆ: ಮೂಲವೂ ಸೇರಿ 3 ಪ್ರತಿಗಳು, 2 ಬಗೆಯ ಸಾಧನಗಳು, 1 ಪ್ರತಿ ಮನೆಯಿಂದ ಹೊರಗೆ. ಹೊರಗಿನ ಆ ಒಂದಕ್ಕೆ ಈಗ ಕ್ಲೌಡ್ ಒದಗಿಬರುತ್ತದೆ.

ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ಇನ್ನೊಬ್ಬರ ಕಟ್ಟಡದಲ್ಲಿರುವ ಯಂತ್ರಗಳು. ಅವಕ್ಕೂ ಬೆಂಕಿ ತಗಲುವುದುಂಟು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಸಂಸ್ಥೆಯ ಐದಂತಸ್ತಿನ ದತ್ತಾಂಶ ಕೇಂದ್ರವೊಂದು ಸುಟ್ಟುಹೋಯಿತು. ಮೂಲವನ್ನೂ ಪ್ರತಿಯನ್ನೂ ಅಲ್ಲಿಯೇ ಇಟ್ಟಿದ್ದ ಕೆಲವು ಗ್ರಾಹಕರಿಗೆ ಎರಡೂ ಇಲ್ಲವಾದುವು.

ಇನ್ನೂ ಒಂದು ಭ್ರಾಂತಿಯಿದೆ. ಗೂಗಲ್ ಡ್ರೈವ್, ಒನ್‌ಡ್ರೈವ್ ಮೊದಲಾದುವು ಕಂಪ್ಯೂಟರಿನಲ್ಲಿ ಆದುದನ್ನೇ ಕ್ಲೌಡಿನಲ್ಲಿಯೂ ಮಾಡುವಂತೆ ಹೊಂದಿಸಿರುತ್ತವೆ. ಇಲ್ಲಿ ಮಗು ಆಟವಾಡುತ್ತ ಚಿತ್ರವನ್ನು ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಗೂಗಲ್ ಡ್ರೈವಿನ ಕಸದ ಬುಟ್ಟಿ ಅದನ್ನು 30 ದಿನ ಕಾದಿರಿಸೀತು, ಆಮೇಲೆ ಅಷ್ಟೆ. ಆದುದರಿಂದ ಹೊರಗಣ ಹಾರ್ಡ್ ಡಿಸ್ಕ್ ಒಂದಿರುವುದು ಲೇಸು. ಅದನ್ನೂ ಸದಾ ಕಂಪ್ಯೂಟರಿಗೆ ಸಿಕ್ಕಿಸಿಯೇ ಇಟ್ಟರೆ, ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ ಎರಡನ್ನೂ ಒಟ್ಟಿಗೆ ಕೆಡಿಸಬಲ್ಲದು. ಪ್ರತಿ ತೆಗೆದೊಡನೆ ಕಳಚಿ ಬೀರುವಿನಲ್ಲಿಡಬೇಕು. ಕ್ಲೌಡಿನ ಗುಪ್ತಪದ ಯಜಮಾನರೊಬ್ಬರಿಗೇ ಗೊತ್ತಿದ್ದರೂ ಸಾಲದು, ಮನೆಯಾಕೆಗೂ ಗೊತ್ತಿರಬೇಕು.

ಎರಡು ಮೂರು ತಿಂಗಳಿಗೊಮ್ಮೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿ ಯಾವುದಾದರೂ ಚಿತ್ರವನ್ನು ತೆರೆದು ನೋಡಬೇಕು. ತೆರೆದರೆ ಸರಿ. ತೆರೆಯದಿದ್ದರೆ, ಮೂಲವಿನ್ನೂ ಭದ್ರವಾಗಿರುವಾಗಲೇ ಅದು ತಿಳಿಯಿತಲ್ಲ!