ಮಾಡಿನ ಮೇಲಿನ ಬಿಸಿಲೂ ಮನೆಯೊಳಗಿನ ಲೆಕ್ಕವೂ

ಕಾಸರಗೋಡಿನ ಕನ್ನಡಿಗರಾದ ನಾವು ಬಿಸಿಲನ್ನು ದುಡಿಸಿಕೊಳ್ಳಲು ಯಾರಿಂದಲೂ ಕಲಿಯಬೇಕಾಗಿರಲಿಲ್ಲ. ಅಂಗಳದಲ್ಲಿ ಅಡಿಕೆ ಹರಡಿದೆವು, ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗಿಸಿದೆವು, ಕೊಬ್ಬರಿ ಮಾಡಿದೆವು. ಈ ಬಿಸಿಲಿಗೆ ಯಾರೂ ಬಿಲ್ಲು ಕಳುಹಿಸಲಿಲ್ಲ. ಈಗ ಅದೇ ಬಿಸಿಲು ಮನೆಯ ಮಾಡಿನ ಮೇಲಿನ ಫಲಕಗಳ ಮೇಲೆ ಬಿದ್ದು ವಿದ್ಯುತ್ತಾಗಿ ಒಳಗೆ ಬರುತ್ತಿದೆ. ಅದರ ಜೊತೆಯಲ್ಲಿ ಸಾಲದ ಕಾಗದ, ಸಹಾಯಧನದ ಅರ್ಜಿ, ಒಪ್ಪಂದಪತ್ರ, ಹೊಸ ಬಗೆಯ ಮೀಟರು ಇವೆಲ್ಲವೂ ಬರುತ್ತಿವೆ. ಬಿಸಿಲು ಧರ್ಮಕ್ಕೆ ಸಿಗುತ್ತದೆ. ಆದರೆ ಕಾಗದಕ್ಕೆ ಹಾಕಿದ ರುಜುವಿಗೆ ಬೆಲೆ ತೆರಬೇಕಾಗುತ್ತದೆ.

ಸೂರ್ಯಶಕ್ತಿ ನಮಗೆ ಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಮಾಡಿನ ಮೇಲೆ ಫಲಕ ಏರಿಸುವ ಮೊದಲು ಮನೆಯ ವಿದ್ಯುತ್ತಿನ ಲೆಕ್ಕವನ್ನು ಓದಲು, ಬರೆದಿಡಲು ನಾವು ಕಲಿಯಬೇಕು. ಅದನ್ನು ಕನ್ನಡದಲ್ಲಿಯೇ ಕಲಿಯಬೇಕು. ಮತ್ತು ಈ ಕೆಲಸವನ್ನು ಮನೆಯ ಹೈಸ್ಕೂಲು ವಿದ್ಯಾರ್ಥಿಗೆ ಒಪ್ಪಿಸಬೇಕು. ಇದು ನಮ್ಮ ಅಭಿಪ್ರಾಯ. ಹೆತ್ತವರು ಇದನ್ನು ಸ್ವಲ್ಪ ವಿಚಾರಮಾಡಿ ನೋಡಬೇಕೆಂದು ವಿನಂತಿ.

ಕೇರಳದಲ್ಲಿ 1940ರಲ್ಲಿ ಪಳ್ಳಿವಾಸಲ್‌ನಲ್ಲಿ ಮೊದಲ ಜಲವಿದ್ಯುತ್ ಕೇಂದ್ರ ಆರಂಭವಾಯಿತು. 1976ರಲ್ಲಿ ಇಡುಕ್ಕಿ ಯೋಜನೆ ಬಂತು. 2017ರಲ್ಲಿ ಎಲ್ಲ ಮನೆಗಳಿಗೂ ವಿದ್ಯುತ್ ಸಂಪರ್ಕ ದೊರೆತಿದೆಯೆಂದು ರಾಜ್ಯವು ಘೋಷಿಸಿತು. ಆದರೂ ನಾವು ಉರಿಸುವ ವಿದ್ಯುತ್ತಿನ ಬಹುಪಾಲನ್ನು ರಾಜ್ಯವು ಹೊರಗಿನಿಂದ ಕೊಂಡು ತರುತ್ತಿದೆ. ಆದುದರಿಂದ ಒಂದು ಮನೆಯಲ್ಲಿ ಉಳಿದ ಯೂನಿಟ್ ಆ ಮನೆಗೆ ಮಾತ್ರವಲ್ಲ, ನಾಡಿಗೂ ಉಳಿತಾಯವೇ.

ಹಾಗಾದರೆ ಈ ಯೂನಿಟ್ ಎಂದರೇನು? ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯನ್ನು ಒಂದು ಗಂಟೆ ಕಾಲ ಬಿಡದೆ ಕಾಯಿಸಿದರೆ ಖರ್ಚಾಗುವುದು ಒಂದು ಯೂನಿಟ್. ಎಂಟನೆಯ ತರಗತಿಯ ಹುಡುಗನಿಗೆ ಇಷ್ಟು ಗೊತ್ತಾದರೆ ಉಳಿದುದೆಲ್ಲ ಬರಿಯ ಗುಣಾಕಾರ, ಭಾಗಾಕಾರ. 60 ವಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ 30 ದಿನಕ್ಕೆ 9 ಯೂನಿಟ್. ಹೆಚ್ಚುಕಡಿಮೆ ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ ಕೂಡ ಬೇಡ. 75 ವಾಟಿನ ಹಳೆಯ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ 22 ಯೂನಿಟ್ ದಾಟುತ್ತದೆ. 30 ವಾಟಿನ ಹೊಸ ಬಗೆಯ ಫ್ಯಾನಿಗೆ 9 ಯೂನಿಟ್ ಸಾಕು. ಸ್ನಾನದ ನೀರು ಕಾಯಿಸುವ 2000 ವಾಟಿನ ಗೀಸರು ಅರ್ಧ ಗಂಟೆಯಲ್ಲಿ ಒಂದು ಯೂನಿಟ್ಟನ್ನು ನುಂಗುತ್ತದೆ. ತೋಟದ ಸೋಗೆ, ತೆಂಗಿನ ಗೆರಟೆ ಬೇಕಾದಷ್ಟಿರುವ ಮನೆಯಲ್ಲಿ ಬಚ್ಚಲ ಒಲೆಯನ್ನು ಮರೆತು ಗೀಸರನ್ನೇ ನೆಚ್ಚಿಕೊಳ್ಳುವುದು ಎಷ್ಟು ಸರಿಯೆಂದು ಮನೆಯವರೇ ಯೋಚಿಸಬಹುದು.

ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಎರಡು ತಿಂಗಳಿಗೊಮ್ಮೆ ಬಿಲ್ಲು ಬರುತ್ತದೆ. ಅದನ್ನು ಕೈಯಲ್ಲಿ ಹಿಡಿದ ಅಮ್ಮನೋ ಅಜ್ಜನೋ ನೋಡುವುದು ಕೊನೆಯ ಮೊತ್ತವನ್ನು ಮಾತ್ರ. ಚೀಟಿಯಲ್ಲಿ ಕನ್ನಡದ ಅಕ್ಷರ ಕಾಣುವುದು ಅಪರೂಪ. ಹಾಗಾಗಿ ಮೇಲಿನ ಸಾಲುಗಳು ಬೇರೆ ಯಾರದೋ ವ್ಯವಹಾರವೆಂಬಂತೆ ಉಳಿದುಬಿಡುತ್ತವೆ. ಆದರೆ ನಮ್ಮ ಹಣದ ಕತೆ ಇರುವುದು ಆ ಸಾಲುಗಳಲ್ಲಿಯೇ. ಹಿಂದಿನ ಮೀಟರ್ ಅಂಕೆ, ಈಗಿನ ಅಂಕೆ, ಇವುಗಳ ವ್ಯತ್ಯಾಸವಾದ ಯೂನಿಟ್. ನಾವು ಉರಿಸಲಿ ಬಿಡಲಿ ಕೊಡಲೇಬೇಕಾದ ನಿಗದಿತ ಶುಲ್ಕ. ಉರಿಸಿದ ಯೂನಿಟ್ಟಿನ ಬೆಲೆ. ಅದರ ಮೇಲೆ ನೂರಕ್ಕೆ ಹತ್ತರಂತೆ ಸರಕಾರದ ತೆರಿಗೆ. ಇಂಧನದ ಹೆಚ್ಚುವರಿ ಶುಲ್ಕ. ಇಷ್ಟನ್ನು ಓದಿದವರಿಗೆ ಬಿಲ್ಲು ಒಗಟಲ್ಲ.

ಇದರಲ್ಲಿ ಎಲ್ಲರೂ ತಿಳಿದಿರಬೇಕಾದ ಒಂದು ಸಂಗತಿಯಿದೆ. ಗೃಹಬಳಕೆಯ ದರವು ಮೆಟ್ಟಲು ಮೆಟ್ಟಲಾಗಿ ಏರುತ್ತದೆ. ತಿಂಗಳಿಗೆ 250 ಯೂನಿಟ್‌ಗಳ ವರೆಗೆ, ಅಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500ರ ವರೆಗೆ, ಮೇಲಿನ ಮೆಟ್ಟಲಿಗೆ ಹೋದ ಯೂನಿಟ್‌ಗಳಿಗೆ ಮಾತ್ರ ಹೆಚ್ಚಿನ ದರ. ಆ ಗೆರೆಯನ್ನು ದಾಟಿದರೆ ಲೆಕ್ಕದ ರೀತಿಯೇ ಬದಲಾಗುತ್ತದೆ. ಮೊದಲನೆಯ ಯೂನಿಟ್ಟಿನಿಂದಲೇ ಎಲ್ಲದಕ್ಕೂ ಒಂದೇ ಹೆಚ್ಚಿನ ದರ ಬೀಳುತ್ತದೆ. 500ರಲ್ಲಿ ನಿಂತ ಮನೆಗೂ 510ಕ್ಕೆ ಹೋದ ಮನೆಗೂ ಉರಿಸಿದುದರಲ್ಲಿ ವ್ಯತ್ಯಾಸ ಹತ್ತೇ ಯೂನಿಟ್. ತೆತ್ತ ಹಣದಲ್ಲಿ ವ್ಯತ್ಯಾಸ ಅದಕ್ಕಿಂತ ಎಷ್ಟೋ ಹೆಚ್ಚು. ಎಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಈ ಗೆರೆಯ ಹತ್ತಿರ ಸುಳಿಯುವ ಮನೆಗಳು ಇವೆ. ವಾರಕ್ಕೊಮ್ಮೆ ಮೀಟರು ನೋಡಿ ಬರೆದಿಡುವ ಒಂದು ಮಗು ಮನೆಯಲ್ಲಿದ್ದರೆ, ಗೆರೆ ದಾಟುವ ಮೊದಲೇ ಎಚ್ಚರಿಸಬಲ್ಲುದು.

ಇನ್ನು ಸೂರ್ಯಶಕ್ತಿಯ ವಿಷಯ. ಸುರಂಗದ ನೀರನ್ನು ಕಂಡು ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಗುಡ್ಡವನ್ನು ಅಡ್ಡಲಾಗಿ ಕೊರೆದು ತೆಗೆದ ಸುರಂಗದಿಂದ ನೀರು ಪಂಪಿಲ್ಲದೆ, ತನ್ನಷ್ಟಕ್ಕೆ ಹರಿದು ಬರುತ್ತದೆ. ಆದರೆ ಅದು ಬರುವ ಹೊತ್ತಿಗೂ ತೋಟಕ್ಕೆ ಬೇಕಾದ ಹೊತ್ತಿಗೂ ಹೊಂದಿಕೆಯಿಲ್ಲ. ಆದುದರಿಂದ ಹಿರಿಯರು ಕೆಳಗೆ ಒಂದು ಕೆರೆ ಕಟ್ಟಿ ತುಂಬಿಸಿಟ್ಟರು. ಸೂರ್ಯನ ವಿದ್ಯುತ್ತೂ ಹಾಗೆಯೇ. ಅದು ಹುಟ್ಟುವುದು ಹಗಲು. ನಮಗೆ ಹೆಚ್ಚು ಬೇಕಾಗುವುದು ಸಂಜೆ ಆರರಿಂದ ಹತ್ತರ ವರೆಗೆ. ಹಗಲು ಉಳಿದುದನ್ನು ಸರಕಾರಿ ತಂತಿಗೆ ಬಿಟ್ಟು, ರಾತ್ರಿ ಬೇಕಾದುದನ್ನು ಅಲ್ಲಿಂದ ಪಡೆಯುತ್ತೇವೆ. ಆ ತಂತಿಯೇ ಊರವರೆಲ್ಲರ ಕೆರೆ. ಒಳಗೆ ಬಂದುದನ್ನೂ ಹೊರಗೆ ಹೋದುದನ್ನೂ ಬೇರೆ ಬೇರೆಯಾಗಿ ಎಣಿಸುವ ಮೀಟರಿಗೆ ನೆಟ್ ಮೀಟರ್ ಎಂದು ಹೆಸರು.

ಒಂದು ಕಿಲೋವಾಟಿನ ಫಲಕಗಳಿಗೆ ಸುಮಾರು ನೂರು ಚದರಡಿ ಜಾಗ ಬೇಕು. ವರ್ಷದ ಸರಾಸರಿ ತೆಗೆದರೆ ಅದು ದಿನಕ್ಕೆ ಸುಮಾರು ನಾಲ್ಕು ಯೂನಿಟ್, ತಿಂಗಳಿಗೆ 120 ಯೂನಿಟ್‌ನಷ್ಟು ಕೊಡುತ್ತದೆ. ಮಾರ್ಚಿಯಲ್ಲಿ ಹೆಚ್ಚು, ಆಟಿಯ ಮಳೆಯಲ್ಲಿ ಬಹಳ ಕಡಿಮೆ. ಫಲಕ ದಕ್ಷಿಣಕ್ಕೆ ಮುಖಮಾಡಿರಬೇಕು. ತೆಂಗಿನ ನೆರಳು ಅದರ ಒಂದು ಮೂಲೆಗೆ ಬಿದ್ದರೂ ಉತ್ಪತ್ತಿ ಕುಗ್ಗುತ್ತದೆ. ಮರಗಳ ನಡುವೆಯೇ ಮನೆ ಕಟ್ಟಿಕೊಂಡಿರುವ ನಾವು ಹೆಜ್ಜೆ ಇಡುವ ಮೊದಲು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರ ತನಕ ಮಾಡಿನ ಮೇಲೆ ನೆರಳು ಎಲ್ಲೆಲ್ಲಿ ಸರಿಯುತ್ತದೆಂದು ನೋಡಿಟ್ಟುಕೊಳ್ಳಬೇಕು.

ಇನ್ನೊಂದು ತಪ್ಪು ತಿಳುವಳಿಕೆಯನ್ನು ಇಲ್ಲಿಯೇ ಹೋಗಲಾಡಿಸಬೇಕು. ಫಲಕ ಹಾಕಿದ ಮನೆಯಲ್ಲಿ ಕರೆಂಟು ಹೋಗುವುದೇ ಇಲ್ಲವೆಂದು ಹಲವರು ನಂಬಿದ್ದಾರೆ. ಬ್ಯಾಟರಿಯಿಲ್ಲದೆ ತಂತಿಗೆ ಜೋಡಿಸಿದ ಘಟಕವು, ಹೊರಗೆ ಕರೆಂಟು ಹೋದೊಡನೆ, ನಡುಮಧ್ಯಾಹ್ನದ ಬಿಸಿಲಿನಲ್ಲಿಯೂ ತಾನಾಗಿ ನಿಂತುಬಿಡುತ್ತದೆ. ಹಾಗೆ ನಿಲ್ಲಲೇಬೇಕು, ಇಲ್ಲದಿದ್ದರೆ ಕಂಬ ಹತ್ತಿ ದುರಸ್ತಿ ಮಾಡುವ ಲೈನ್‌ಮ್ಯಾನನ ಪ್ರಾಣಕ್ಕೆ ಅಪಾಯ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋದಾಗಲೂ ದೀಪ ಬೇಕೆನ್ನುವವರು ಬ್ಯಾಟರಿ ಸಹಿತವಾದ ಘಟಕಕ್ಕೆ ಬೇರೆ ಖರ್ಚು ಮಾಡಬೇಕಾಗುತ್ತದೆ.

ಕೇಂದ್ರ ಸರಕಾರವು 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಎಂಬ ಯೋಜನೆಯನ್ನು ಆರಂಭಿಸಿತು. ಅದರಂತೆ ಒಂದು ಕಿಲೋವಾಟಿಗೆ 30,000 ರೂಪಾಯಿ, ಎರಡಕ್ಕೆ 60,000, ಮೂರು ಅಥವಾ ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನವಿದೆ. ಈ ಹಣ ಬರುವುದು ಘಟಕ ಕೆಲಸ ಆರಂಭಿಸಿ, ತನಿಖೆ ಮುಗಿದ ಮೇಲೆ. ಮೂರು ಕಿಲೋವಾಟ್ ಹಾಕಿದರೆ ಹೆಚ್ಚು ಸಹಾಯಧನ ಎಂಬ ಮಾತು ಕೇಳಿದ ಕೂಡಲೆ ತಲೆಯಾಡಿಸುವುದು ಜಾಣತನವಲ್ಲ. ತಿಂಗಳಿಗೆ 120 ಯೂನಿಟ್ ಉರಿಸುವ ಮನೆಗೆ ಸುಮಾರು 360 ಯೂನಿಟ್ ಹುಟ್ಟಿಸುವ ಘಟಕವೇಕೆ? ವರ್ಷದ ಕೊನೆಗೆ ಉಳಿದ ಯೂನಿಟ್‌ಗಳಿಗೆ ಸಿಗುವ ಬೆಲೆ, ನಾವು ಕೊಳ್ಳುವಾಗ ಕೊಡುವ ಬೆಲೆಗಿಂತ ಕಡಿಮೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ತಿರುವು ಮುರುವಾಗಿ ಅನ್ವಯಿಸುತ್ತದೆ: ಕಾಲಿನ ಉದ್ದ ನೋಡಿ ಹಾಸಿಗೆ ಕೊಳ್ಳಬೇಕು. ಆ ಉದ್ದವನ್ನು ಹೇಳುವುದು ಒಂದು ವರ್ಷದ ಆರು ಬಿಲ್ಲುಗಳು. ಹಳೆಯ ಬಲ್ಬು, ಹಳೆಯ ಫ್ಯಾನು ಬದಲಾಯಿಸಿದ ಮೇಲೆ ಎಷ್ಟೋ ಮನೆಗಳಿಗೆ ಚಿಕ್ಕ ಘಟಕವೇ ಸಾಕಾದೀತು. ಕೆಲವು ಮನೆಗಳಿಗೆ ಘಟಕವೇ ಬೇಡವಾದೀತು.

ನಿಯಮಗಳೂ ನಿಂತ ನೀರಲ್ಲ. ಕೇರಳದಲ್ಲಿ 2025ರಲ್ಲಿ ನವೀಕರಿಸಬಹುದಾದ ಶಕ್ತಿಯ ಬಗ್ಗೆ ಹೊಸ ನಿಯಮಾವಳಿ ಬಂದಿದೆ. ಐದು ವರ್ಷದ ಹಿಂದೆ ಫಲಕ ಹಾಕಿಸಿದ ನೆರೆಮನೆಯವರ ಬಿಲ್ಲು ನಮ್ಮ ಬಿಲ್ಲಿಗೆ ಮಾದರಿಯಾಗದು. ಹಗಲು ಬಿಟ್ಟ ಯೂನಿಟ್ಟನ್ನು ರಾತ್ರಿಯ ಯೂನಿಟ್ಟಿಗೆ ಯಾವ ರೀತಿ ಹೊಂದಿಸುತ್ತಾರೆ, ನಿಗದಿತ ಶುಲ್ಕ ಎಷ್ಟು ಉಳಿಯುತ್ತದೆ, ಇನ್ವರ್ಟರ್ ಕೆಟ್ಟರೆ ಎಷ್ಟು ವರ್ಷದ ತನಕ ಯಾರು ಹೊಣೆ ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆದ ಮೇಲೆಯೇ ರುಜು ಹಾಕಬೇಕು.

ಮತ್ತೊಂದು ತೊಡಕು ನಮ್ಮ ಮನೆಗಳಲ್ಲಿ ಬಹಳ ಸಾಮಾನ್ಯ. ಸಂಪರ್ಕವು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿಯೇ ಇರುತ್ತದೆ. ಬಿಲ್ಲು ಕಟ್ಟುವಷ್ಟು ಕಾಲ ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಸಹಾಯಧನದ ಅರ್ಜಿಯಲ್ಲಿಯೂ ಬಿಲ್ಲಿನಲ್ಲಿಯೂ ಬ್ಯಾಂಕಿನ ಖಾತೆಯಲ್ಲಿಯೂ ಹೆಸರು ಒಂದೇ ಆಗಿರಬೇಕೆಂದಾಗ ತೊಡಕು ತಿಳಿಯುತ್ತದೆ. ಪಾಲುಪಟ್ಟಿಯಾಗದ ಆಸ್ತಿಯಾದರೆ ಅಣ್ಣ ತಮ್ಮಂದಿರ ಒಪ್ಪಿಗೆಯೂ ಬೇಕಾದೀತು. ಹೆಸರು ಬದಲಾವಣೆಯ ಕೆಲಸವನ್ನು ಮೊದಲೇ ಮುಗಿಸಿಕೊಳ್ಳುವುದು ಲೇಸು.

ಇಷ್ಟೆಲ್ಲವನ್ನೂ ಕನ್ನಡ ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ, ಅದೂ ಕನ್ನಡ ಅಧ್ಯಾಪಕರು ಬರೆಯಬೇಕೇ ಎಂದು ಕೆಲವರು ಕೇಳಬಹುದು. ಬರೆಯಲೇಬೇಕೆಂದು ನಮ್ಮ ಉತ್ತರ. ಕನ್ನಡವನ್ನು ನಾವು ಪದ್ಯಕ್ಕೆ, ಯಕ್ಷಗಾನಕ್ಕೆ, ರಾಜ್ಯೋತ್ಸವದ ಭಾಷಣಕ್ಕೆ ಮೀಸಲಿಟ್ಟು, ಬ್ಯಾಂಕು, ಮೀಟರು, ಒಪ್ಪಂದಗಳನ್ನೆಲ್ಲ ಬೇರೆ ಭಾಷೆಗೆ ಬಿಟ್ಟುಕೊಟ್ಟರೆ, ನಮ್ಮ ಭಾಷೆ ದೇವರ ಕೋಣೆಯ ಬೆಳ್ಳಿಯ ತಟ್ಟೆಯಾದೀತು. ಗೌರವಕ್ಕೆ ಕೊರತೆಯಿಲ್ಲ, ಊಟಕ್ಕೆ ಉಪಯೋಗವಿಲ್ಲ. ಮಲಯಾಳವನ್ನು ಕಲಿಯಬಾರದೆಂದು ಇದರ ಅರ್ಥವಲ್ಲ. ಎರಡು ಭಾಷೆಗಳಲ್ಲಿ ಓದಿದ ನಮಗೆ ಅದರ ಪ್ರಯೋಜನ ಚೆನ್ನಾಗಿ ಗೊತ್ತು. ನಮ್ಮ ಮಕ್ಕಳು ಮಲಯಾಳವನ್ನೂ ಇಂಗ್ಲಿಷನ್ನೂ ನಿರರ್ಗಳವಾಗಿ ಓದಲಿ. ಆದರೆ ಓದಿದುದನ್ನು ಮನೆಗೆ ಬಂದು ಅಜ್ಜಿಗೆ ಕನ್ನಡದಲ್ಲಿಯೋ ತುಳುವಿನಲ್ಲಿಯೋ ತಿಳಿಸಿ ಹೇಳಲು ಬಾರದ ವಿದ್ಯೆಯಿಂದ ಆ ಮನೆಗೇನು ಲಾಭ? ತನಗೆ ಅರ್ಥವಾಗದ ಕಾಗದಕ್ಕೆ ಸಾಲದ ರುಜು ಹಾಕುವವರ ಮನೆಯಲ್ಲಿಯೇ ಓದು ಬಲ್ಲ ಮಗುವೊಂದು ಸುಮ್ಮನೆ ಕುಳಿತಿದ್ದರೆ ಅದು ಶಾಲೆಯ ಸೋಲು ಎಂದೇ ನಾವು ಭಾವಿಸುತ್ತೇವೆ.

ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿ ಪತ್ರವ್ಯವಹಾರ ನಡೆಸುವ ಅವಕಾಶವನ್ನು ಕೊಟ್ಟಿದೆ. ವಿದ್ಯುತ್ ಮಂಡಳಿ ಈಗ ಕಂಪೆನಿಯ ರೂಪ ತಾಳಿದ್ದರೂ ಅದರ ಒಡೆತನ ಸರಕಾರದ್ದೇ. ಬಿಲ್ಲಿನ ಸಾಲುಗಳನ್ನೂ ಸೂರ್ಯಶಕ್ತಿಯ ನಿಯಮಗಳನ್ನೂ ವಿವರಿಸುವ ಒಂದು ಹಾಳೆಯ ಕನ್ನಡ ತಿಳುವಳಿಕೆಪತ್ರವನ್ನು ಕೊಡಿ ಎಂದು ರಕ್ಷಕ ಶಿಕ್ಷಕ ಸಂಘದ ಮೂಲಕ ಕೇಳುವುದು ನ್ಯಾಯವಾದ ಬೇಡಿಕೆ. ಅದು ಬರುವ ತನಕ ಕಾಯಬೇಕಾಗಿಲ್ಲ. ನಮ್ಮ ಹತ್ತನೆಯ ತರಗತಿಯ ವಿದ್ಯಾರ್ಥಿಗಳೇ ಅಧ್ಯಾಪಕರ ಸಹಾಯದಿಂದ ಅಂಥ ಹಾಳೆಯೊಂದನ್ನು ಸಿದ್ಧಪಡಿಸಬಲ್ಲರು.

ವಿದ್ಯಾರ್ಥಿ ಮಿತ್ರರೇ, ನೂರು ಪುಟದ ಒಂದು ನೋಟುಪುಸ್ತಕ ಸಾಕು. ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ಹೊತ್ತಿಗೆ ಮೀಟರಿನ ಅಂಕೆಯನ್ನು ಬರೆಯಿರಿ. ಕಳೆದ ವಾರದ ಅಂಕೆಯನ್ನು ಕಳೆಯಿರಿ. ಉಳಿದ ಸಂಖ್ಯೆಯ ಎದುರು, ನೆಂಟರು ಬಂದಿದ್ದರೋ, ಪಂಪು ಹೆಚ್ಚು ಓಡಿತೋ, ಕಾರಣವನ್ನು ಒಂದು ಸಾಲಿನಲ್ಲಿ ಕನ್ನಡದಲ್ಲಿ ಬರೆಯಿರಿ. ಬಿಲ್ಲು ಬಂದ ದಿನ ನಿಮ್ಮ ಮೊತ್ತವನ್ನೂ ಅದರ ಮೊತ್ತವನ್ನೂ ಹೋಲಿಸಿ, ಮನೆಯವರೆಲ್ಲ ಕುಳಿತಿರುವಾಗ ಓದಿ ಹೇಳಿರಿ. ಹೆತ್ತವರೇ, ಫಲಕದ ವಿಷಯ ಮಾತಾಡಲು ಯಾರಾದರೂ ಮನೆಗೆ ಬಂದರೆ ಆ ಪುಸ್ತಕವನ್ನು ಮೇಜಿನ ಮೇಲಿಡಿ, ಬರೆದ ಮಗುವನ್ನೂ ಬಳಿಯಲ್ಲಿ ಕುಳ್ಳಿರಿಸಿಕೊಳ್ಳಿ. ಆಮೇಲೆ ಬೇಕೋ ಬೇಡವೋ, ಎಷ್ಟು ಬೇಕು ಎಂದು ತೀರ್ಮಾನಿಸುವವರು ನೀವೇ ಆಗಿರುತ್ತೀರಿ.